ಮೈಸೂರಿನಲ್ಲಿ ಕಲಿತು ಮಂಗಳೂರಿನ ಕಡಲಲ್ಲಿ ಅಳೆಯುವುದು: ಕಡಲ ತಳದ ಭೂಭೌತ ಸರ್ವೆಗೆ ಸಮಗ್ರ ಮಾರ್ಗದರ್ಶಿ

ಕನ್ನಂಬಾಡಿ ಕಟ್ಟೆಯಲ್ಲಿ ಇವತ್ತು ಎಷ್ಟು ಅಡಿ ನೀರಿದೆ ಎಂದು ಮಂಡ್ಯದ ಯಾವ ರೈತರನ್ನು ಕೇಳಿದರೂ ಥಟ್ಟನೆ ಹೇಳುತ್ತಾರೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಕ್ಕಳಿಗೂ ಬಾಯಿಪಾಠ. ಆದರೆ ಆ ನೀರಿನ ಕೆಳಗೆ ನೆಲ ಹೇಗಿದೆ? ಹೂಳು ಎಲ್ಲಿ ತುಂಬಿದೆ? ಹಳೇ ಕಾವೇರಿಯ ಪಾತ್ರ ಎಲ್ಲಿ ಹಾದಿದೆ? ಇದನ್ನು ತಿಳಿಯುವ ವಿದ್ಯೆಯೂ, ಮಂಗಳೂರು, ಮಲ್ಪೆ, ಕಾರವಾರದ ಮುಂದಿರುವ ಕಡಲ ತಳವನ್ನು ತಿಳಿಯುವ ವಿದ್ಯೆಯೂ ಹೆಚ್ಚುಕಡಿಮೆ ಒಂದೇ. ಕಡಲಲ್ಲಿ ಅಲೆ, ಉಬ್ಬರವಿಳಿತ, ಉಪ್ಪು ಸೇರಿಕೊಳ್ಳುತ್ತವೆ. ಅಷ್ಟೇ ವ್ಯತ್ಯಾಸ, ಆದರೆ ಅದು ದೊಡ್ಡ ವ್ಯತ್ಯಾಸ.

ಈ ಬರಹ ಮೈಸೂರು, ಮಂಡ್ಯ ಕಡೆಯ ಭೂವಿಜ್ಞಾನ ಮತ್ತು ಸಿವಿಲ್ ವಿದ್ಯಾರ್ಥಿಗಳಿಗಾಗಿ. ಮಂಗಳೂರಿನ ಕಡಲಿನಿಂದ ರಸ್ತೆಯಲ್ಲಿ ಸುಮಾರು ಇನ್ನೂರೈವತ್ತು ಕಿಲೋಮೀಟರ್ ದೂರ ಇದ್ದೀವಿ, ನಮಗೇಕೆ ಇದು ಎಂದು ಕೆಲವರು ಕೇಳುತ್ತಾರೆ. ಬಂದರಿನ ಹೂಳೆತ್ತುವುದು, ಸಮುದ್ರದಡಿಯ ಕೇಬಲ್, ಪೈಪ್‌ಲೈನ್, ಅಲೆತಡೆ ಗೋಡೆ, ಸೇತುವೆ ಅಡಿಪಾಯ, ಎಲ್ಲಕ್ಕೂ ಈ ಸರ್ವೆ ಬೇಕು. ಕೆಲಸ ಕರಾವಳಿಯಲ್ಲಿದ್ದರೂ ಅದಕ್ಕೆ ಬೇಕಾದ ಕಣ್ಣು ಮತ್ತು ಶಿಸ್ತನ್ನು ಇಲ್ಲೇ ಕಲಿಯಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ಆಳವನ್ನು ಅಳೆಯುವುದಿಲ್ಲ, ಶಬ್ದ ಹೋಗಿ ಬರಲು ಹಿಡಿದ ಸಮಯವನ್ನು ಅಳೆಯುತ್ತೇವೆ. ಆ ಸಮಯ ಆಳವಾಗಬೇಕಾದರೆ ನಾಲ್ಕು ವಿಷಯ ಗೊತ್ತಿರಬೇಕು. ದೋಣಿ ಎಲ್ಲಿತ್ತು, ಆಗ ಗಂಟೆ ಎಷ್ಟು, ನೀರಿನ ಮಟ್ಟ ಎಷ್ಟಿತ್ತು, ಆ ನೀರಿನಲ್ಲಿ ಶಬ್ದದ ವೇಗ ಎಷ್ಟಿತ್ತು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕೋಟಿ ರೂಪಾಯಿಯ ಯಂತ್ರ ಕೂಡ ಅಂದವಾದ ಸುಳ್ಳು ನಕ್ಷೆ ಕೊಡುತ್ತದೆ. ಅದಕ್ಕೇ ಇಲ್ಲಿ ಯಂತ್ರಗಳಿಗಿಂತ ಈ ನಾಲ್ಕರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಪ್ರಶ್ನೆ ಬರೆದುಕೊಳ್ಳಿ

‘ಕಡಲ ತಳದ ಸರ್ವೆ ಮಾಡಬೇಕು’ ಎಂಬುದು ಪ್ರಶ್ನೆ ಅಲ್ಲ. ಹಡಗು ಬರಲು ಸಾಕಷ್ಟು ಆಳ ಇದೆಯಾ? ಪೈಪ್ ಹಾಕುವ ದಾರಿಯಲ್ಲಿ ಬಂಡೆ ಇದೆಯಾ? ಮೆತ್ತನೆ ಕೆಸರು ಎಷ್ಟು ಮೀಟರ್ ದಪ್ಪ? ಮುಳುಗಿದ ದೋಣಿ ಎಲ್ಲಿದೆ? ಹೀಗೆ ಒಂದೊಂದು ವಾಕ್ಯದಲ್ಲಿ ಬರೆಯಿರಿ. ಯಾವ ಯಂತ್ರ ಬೇಕು, ಸಾಲುಗಳ ನಡುವೆ ಎಷ್ಟು ಅಂತರ ಬೇಕು ಎಂಬುದೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಎಷ್ಟು ನಿಖರತೆ ಬೇಕು ಎಂದೂ ಈಗಲೇ ತೀರ್ಮಾನಿಸಿ. ಅಂತರರಾಷ್ಟ್ರೀಯ ಹೈಡ್ರೋಗ್ರಫಿ (ಜಲಮಾಪನ) ಸಂಸ್ಥೆಯ ಎಸ್-44 ಎಂಬ ಮಾನದಂಡವೇ ಇದಕ್ಕೆ ಆಧಾರ. ಅದು ನಿಖರತೆಯ ದರ್ಜೆಗಳನ್ನು ‘ಆರ್ಡರ್’ ಎಂದು ಕರೆಯುತ್ತದೆ. ಇದರ 6ನೇ ಆವೃತ್ತಿ 2020ರಲ್ಲಿ ಬಂತು. ಅದರ ಪ್ರಕಾರ 20 ಮೀಟರ್ ಆಳದಲ್ಲಿ ‘ಆರ್ಡರ್ 1ಎ’ ಸರ್ವೆಗೆ ಸುಮಾರು 56 ಸೆಂಟಿಮೀಟರ್ ತಪ್ಪಿಗೆ ಅವಕಾಶ ಇದೆ. ಹಡಗಿನ ತಳಕ್ಕೂ ನೆಲಕ್ಕೂ ಹೆಚ್ಚು ಅಂತರ ಇಲ್ಲದ ಬಂದರು, ಕಾಲುವೆಗಳಿಗೆ ಬೇಕಾಗುವ ‘ಸ್ಪೆಷಲ್ ಆರ್ಡರ್’ಗೆ ಅದೇ ಆಳದಲ್ಲಿ 29 ಸೆಂಟಿಮೀಟರ್ ಮಾತ್ರ. ಈ ಎರಡು ಅಂಕಿ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಆಮೇಲೆ ಈಗಾಗಲೇ ಏನಿದೆ ಎಂದು ಹುಡುಕಿ. ನೌಕಾ ನಕ್ಷೆಗಳನ್ನು ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ಪ್ರಕಟಿಸುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಾಗರ ಮತ್ತು ಕರಾವಳಿ ವಿಭಾಗ ಮಂಗಳೂರಿನಲ್ಲೇ ಇದೆ. ಗೋವಾದ ದೋನಾ ಪೌಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಪಶ್ಚಿಮ ಕರಾವಳಿಯ ತಳದ ಬಗ್ಗೆ ದಶಕಗಳಿಂದ ಕೆಲಸ ಮಾಡಿದೆ. ಹಳೇ ನಕ್ಷೆಯಲ್ಲಿ ‘ಮಣ್ಣು’, ‘ಮರಳು’, ‘ಕಲ್ಲು’ ಎಂದು ಬರೆದಿರುವ ಪುಟ್ಟ ಅಕ್ಷರಗಳು ನಿಮ್ಮ ಒಂದು ವಾರದ ಕೆಲಸ ಉಳಿಸಬಲ್ಲವು.

ಅನುಮತಿ, ಹವಾಮಾನ, ಮೀನುಗಾರರು

ಇದು ಬೇಜಾರಿನ ಕೆಲಸ ಅನಿಸುತ್ತದೆ, ಆದರೆ ಇದನ್ನು ಬಿಟ್ಟರೆ ಉಳಿದದ್ದು ಯಾವುದೂ ನಡೆಯುವುದಿಲ್ಲ. ಕಡಲ ಆಳದ ಮಾಹಿತಿ ದೇಶದ ಭದ್ರತೆಗೆ ಸೇರಿದ ವಿಷಯ. ಬಂದರು ಅಧಿಕಾರಿಗಳು, ನೌಕಾಪಡೆ, ಕೋಸ್ಟ್ ಗಾರ್ಡ್, ಕರಾವಳಿ ಪೊಲೀಸ್, ಎಲ್ಲರಿಗೂ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಅಲ್ಲಿ ಇನ್ನೂ ಬಿಗಿ. ತಿಂಗಳುಗಳ ಮೊದಲೇ ಅರ್ಜಿ ಹಾಕಿ. ಅಪ್ಪಣೆ ಇಲ್ಲದೆ ಸ್ಯಾಟಲೈಟ್ ಫೋನ್ ತೆಗೆದುಕೊಂಡು ಹೋಗಬೇಡಿ, ಅದು ಕಾನೂನಿಗೆ ವಿರುದ್ಧ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಆಗ ಸಣ್ಣ ದೋಣಿಯಲ್ಲಿ ಸರ್ವೆ ಮಾಡುವ ಯೋಚನೆಯೇ ಬೇಡ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಆಗಲೂ ಬೆಳಗಿನ ಹೊತ್ತೇ ನಮ್ಮದು. ಮಧ್ಯಾಹ್ನ ಹತ್ತಿರವಾಗುತ್ತಿದ್ದಂತೆ ಕಡಲ ಗಾಳಿ ಎದ್ದು ಅಲೆ ಏರುತ್ತದೆ, ದಾಖಲೆ ಕೆಡುತ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಅಲೆಗಳ ಮುನ್ಸೂಚನೆಯನ್ನು ಹಿಂದಿನ ಸಂಜೆಯೇ ನೋಡಿ.

ಮೀನುಗಾರರ ಜೊತೆ ಮಾತಾಡದೆ ಕಡಲಿಗೆ ಇಳಿಯಬಾರದು. ನಾವು ದೋಣಿಯ ಹಿಂದೆ ಕೇಬಲ್ ಎಳೆದುಕೊಂಡು ಹೋಗುತ್ತೇವೆ. ಅವರ ಬಲೆ ನೀರಿನಲ್ಲಿರುತ್ತದೆ. ಎರಡೂ ಸಿಕ್ಕಿಕೊಂಡರೆ ಅವರ ಜೀವನೋಪಾಯಕ್ಕೂ ನಮ್ಮ ಉಪಕರಣಕ್ಕೂ ಪೆಟ್ಟು. ಊರಿನ ಮೀನುಗಾರರ ಸಹಕಾರ ಸಂಘಕ್ಕೆ ಹೋಗಿ, ನಕ್ಷೆ ತೋರಿಸಿ, ಯಾವ ದಿನ ಎಲ್ಲಿರುತ್ತೇವೆ ಎಂದು ಹೇಳಿ. ಆ ಊರಿನವರೊಬ್ಬರನ್ನು ದೋಣಿಯಲ್ಲಿ ಜೊತೆಗೆ ಕರೆದುಕೊಳ್ಳಿ, ಕೂಲಿ ಸರಿಯಾಗಿ ಕೊಡಿ. ತಳದ ಬಂಡೆ ಎಲ್ಲಿದೆ, ಬಲೆ ಎಲ್ಲಿ ಹರಿಯುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಯಲ್ಲೂ ಇಲ್ಲ.

ಯಾವ ಯಂತ್ರ ಏನು ಮಾಡುತ್ತದೆ

ಆಳಕ್ಕೆ ಎಕೋ ಸೌಂಡರ್. ಸಿಂಗಲ್ ಬೀಮ್ ದೋಣಿಯ ನೇರ ಕೆಳಗಿನ ಒಂದು ಗೆರೆಯನ್ನು ಮಾತ್ರ ಕೊಡುತ್ತದೆ. ಮಲ್ಟಿಬೀಮ್ ನೂರಾರು ಕಿರಣಗಳನ್ನು ಬೀಸಣಿಗೆ ಆಕಾರದಲ್ಲಿ ಬಿಟ್ಟು ಅಗಲವಾದ ಪಟ್ಟಿಯನ್ನೇ ಅಳೆಯುತ್ತದೆ. 120 ಡಿಗ್ರಿ ಬೀಸಣಿಗೆಯಾದರೆ ಪಟ್ಟಿಯ ಅಗಲ ಆಳದ ಸುಮಾರು ಮೂರೂವರೆ ಪಟ್ಟು.

ತಳದ ಚಿತ್ರಕ್ಕೆ ಸೈಡ್ ಸ್ಕ್ಯಾನ್ ಸೋನಾರ್. ಇದನ್ನು ‘ಟೋ ಫಿಶ್’ ಎಂಬ ಮೀನಿನಾಕಾರದ ಕೊಳವೆಯಲ್ಲಿಟ್ಟು ದೋಣಿಯ ಹಿಂದೆ ಎಳೆಯುತ್ತಾರೆ. ಎರಡೂ ಬದಿಗೆ ಶಬ್ದ ಬಿಟ್ಟು, ತಳದ ಒರಟು, ನಯ, ಎದ್ದು ನಿಂತ ವಸ್ತು ಮತ್ತು ಅದರ ನೆರಳನ್ನು ಚಿತ್ರವಾಗಿ ಕೊಡುತ್ತದೆ. 100 ಕಿಲೋಹರ್ಟ್ಝ್ ದೂರ ನೋಡುತ್ತದೆ, ವಿವರ ಕಡಿಮೆ. 400–500 ಕಿಲೋಹರ್ಟ್ಝ್‌ನಲ್ಲಿ ವಿವರ ಜಾಸ್ತಿ, ದೂರ ಕಡಿಮೆ. ಎರಡೂ ಇರುವ ಯಂತ್ರ ಸಿಕ್ಕರೆ ಎರಡನ್ನೂ ದಾಖಲಿಸಿ.

ತಳದ ಒಳಗೆ ನೋಡಲು ಸಬ್‌ಬಾಟಮ್ ಪ್ರೊಫೈಲರ್. ಕಡಿಮೆ ಕಂಪನದ ಶಬ್ದ ಮಣ್ಣಿನೊಳಗೆ ನುಗ್ಗಿ, ಪದರ ಬದಲಾಗುವಲ್ಲೆಲ್ಲ ಮರಳಿ ಬರುತ್ತದೆ. ‘ಚರ್ಪ್’ ಮಾದರಿ ಕೆಲವು ಕಿಲೋಹರ್ಟ್ಝ್‌ನಿಂದ ಹತ್ತು ಹದಿನೈದು ಕಿಲೋಹರ್ಟ್ಝ್‌ವರೆಗೆ ಬೀಸುತ್ತದೆ. ಮೆತ್ತನೆ ಕೆಸರಿನಲ್ಲಿ ಹತ್ತಾರು ಮೀಟರ್ ಇಳಿದರೂ ಗಟ್ಟಿ ಮರಳಿನಲ್ಲಿ ಕೆಲವೇ ಮೀಟರ್‌ಗೆ ಸೋಲುತ್ತದೆ. ಅಂಥಲ್ಲಿ ಇನ್ನೂ ಜೋರಾದ, ಕಡಿಮೆ ಕಂಪನದ ಶಬ್ದ ಬಿಡುವ ‘ಬೂಮರ್’ ಅಥವಾ ‘ಸ್ಪಾರ್ಕರ್’ ಬೇಕು.

ಕಬ್ಬಿಣ ಹುಡುಕಲು ಮ್ಯಾಗ್ನೆಟೋಮೀಟರ್. ದೋಣಿಯ ಕಬ್ಬಿಣವೇ ಅದಕ್ಕೆ ತೊಂದರೆ, ಹಾಗಾಗಿ ದೋಣಿಯ ಉದ್ದದ ಎರಡು ಮೂರು ಪಟ್ಟು ಹಿಂದೆ ಎಳೆಯಬೇಕು. ಸಣ್ಣ ವಸ್ತುವಿನ ಸಂಕೇತ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡು ಪಟ್ಟಾದರೆ ಸಂಕೇತ ಎಂಟನೇ ಒಂದು ಭಾಗ. ಆದ್ದರಿಂದ ತಳಕ್ಕೆ ಹತ್ತಿರವಾಗಿ ಎಳೆಯಿರಿ. ನಮ್ಮ ನಾಡಿಗೆ ಬೇಕಾದ ಒಂದು ಎಚ್ಚರಿಕೆಯೂ ಇದೆ. ನಾವು ಭೂಕಾಂತದ ಸಮಭಾಜಕಕ್ಕೆ ಹತ್ತಿರ ಇದ್ದೇವೆ. ಅದು ಭಾರತದ ದಕ್ಷಿಣ ತುದಿಯ ಬಳಿಯೇ ಹಾದುಹೋಗುತ್ತದೆ. ಹಾಗಾಗಿ ಇಲ್ಲಿ ಕಬ್ಬಿಣದ ಮೇಲೆ ಹಾದಾಗ ಕಾಂತ ಬಲದ ಗ್ರಾಫ್ ಸಾಮಾನ್ಯವಾಗಿ ದೊಡ್ಡ ತಗ್ಗು ತೋರಿಸುತ್ತದೆ. ಯುರೋಪಿನ ಕೈಪಿಡಿಗಳಲ್ಲಿ ತೋರಿಸುವ ಎತ್ತರದ ಶಿಖರ ಇಲ್ಲಿ ಬರುವುದಿಲ್ಲ. ಶಿಖರವನ್ನೇ ಹುಡುಕುತ್ತಾ ಕೂತರೆ ವಸ್ತು ಕೈತಪ್ಪುತ್ತದೆ.

ಸಾಲುಗಳ ಲೆಕ್ಕ ಹಾಕುವುದು

ಒಂದು ಉದಾಹರಣೆ ಮಾಡೋಣ. ಜಾಗ 2 ಕಿಲೋಮೀಟರ್ ಉದ್ದ, 1 ಕಿಲೋಮೀಟರ್ ಅಗಲ. ಆಳ ಸುಮಾರು 10 ಮೀಟರ್. ಮಲ್ಟಿಬೀಮ್ ಪಟ್ಟಿ ಸುಮಾರು 34 ಮೀಟರ್ ಸಿಗುತ್ತದೆ. ಅಕ್ಕಪಕ್ಕದ ಪಟ್ಟಿಗಳು ಒಂದರ ಮೇಲೊಂದು ಸ್ವಲ್ಪ ಬರಲೇಬೇಕು, ಹಾಗಾಗಿ ಸಾಲಿನ ಅಂತರ 25 ಮೀಟರ್ ಇಡೋಣ. 41 ಸಾಲು, ಒಟ್ಟು 82 ಕಿಲೋಮೀಟರ್. 4 ನಾಟ್ ವೇಗ ಎಂದರೆ ಗಂಟೆಗೆ 7.4 ಕಿಲೋಮೀಟರ್. ಸಾಲುಗಳಿಗೇ 11 ಗಂಟೆ ಬೇಕು. ಪ್ರತಿ ತಿರುವಿಗೆ 5 ನಿಮಿಷ ಎಂದರೂ 40 ತಿರುವಿಗೆ ಮೂರು ಗಂಟೆ ಇಪ್ಪತ್ತು ನಿಮಿಷ. ಬೆಳಿಗ್ಗೆ ಆರೂವರೆಯಿಂದ ಹನ್ನೊಂದೂವರೆವರೆಗೆ ಮಾತ್ರ ಕಡಲು ಶಾಂತ ಇದ್ದರೆ ಇದು ಮೂರು ಬೆಳಗಿನ ಕೆಲಸ. ಹೊಂದಾಣಿಕೆ ಪರೀಕ್ಷೆಗೆ ಒಂದು ದಿನ, ಕೆಟ್ಟ ಹವೆಗೆ ಎರಡು ದಿನ ಸೇರಿಸಿ. ದೋಣಿ ಬಾಡಿಗೆ ಮಾತಾಡುವಾಗ ಈ ಲೆಕ್ಕ ಕೈಯಲ್ಲಿರಲಿ.

ಈಗ ಅದೇ ಜಾಗದ ದಡದ ಕಡೆ ಆಳ 6 ಮೀಟರ್ ಮಾತ್ರ ಎಂದುಕೊಳ್ಳಿ. ಅಲ್ಲಿ ಪಟ್ಟಿ 20 ಮೀಟರ್‌ಗೆ ಇಳಿಯುತ್ತದೆ. 25 ಮೀಟರ್ ಅಂತರದಲ್ಲಿ ಹೋದರೆ ಪ್ರತಿ ಎರಡು ಸಾಲಿನ ನಡುವೆ 5 ಮೀಟರ್ ಖಾಲಿ ಉಳಿಯುತ್ತದೆ. ಬಂಡೆ ಅಲ್ಲೇ ಇರಬಹುದು ಅಲ್ವಾ? ಸಾಲಿನ ಅಂತರವನ್ನು ಯಾವಾಗಲೂ ಕಡಿಮೆ ಆಳದ ಕಡೆ ನೋಡಿ, ಇಳಿತದ ಹೊತ್ತಿಗೆ ಲೆಕ್ಕ ಹಾಕಿ ನಿರ್ಧರಿಸಿ. ದಡದ ಕಡೆಯ ಸಾಲುಗಳನ್ನು ಉಬ್ಬರದಲ್ಲಿ ಮುಗಿಸಿದರೆ ಇನ್ನೂ ಒಳ್ಳೆಯದು.

ದಿಕ್ಕಿನ ವಿಷಯ. ಮಲ್ಟಿಬೀಮ್ ಮತ್ತು ಸೈಡ್ ಸ್ಕ್ಯಾನ್ ಸಾಲುಗಳು ದಡಕ್ಕೆ ಸಮಾನಾಂತರವಾಗಿ ಇರಲಿ, ಆಗ ಪಟ್ಟಿಯ ಅಗಲ ಹೆಚ್ಚು ಬದಲಾಗುವುದಿಲ್ಲ. ಸಿಂಗಲ್ ಬೀಮ್ ಮತ್ತು ಸಬ್‌ಬಾಟಮ್ ಸಾಲುಗಳು ದಡಕ್ಕೆ ಅಡ್ಡವಾಗಿ ಹೋಗಲಿ. ಇಳಿಜಾರು, ಹೂತುಹೋದ ಹಳೇ ನದಿಪಾತ್ರಗಳು ಆಗಲೇ ಚೆನ್ನಾಗಿ ಕಾಣುವುದು. ಮುಖ್ಯ ಸಾಲುಗಳನ್ನು ಕತ್ತರಿಸುವ ಅಡ್ಡ ಸಾಲುಗಳನ್ನು ತಪ್ಪದೆ ಹಾಕಿ. ಅವುಗಳ ನಡುವಿನ ಅಂತರ ಮುಖ್ಯ ಸಾಲಿನ ಅಂತರದ 15 ಪಟ್ಟು ಮೀರದಿರಲಿ. ಒಂದೇ ಜಾಗವನ್ನು ಬೇರೆ ದಿನ, ಬೇರೆ ಉಬ್ಬರದಲ್ಲಿ ಅಳೆದಾಗ ಒಂದೇ ಆಳ ಬಂದರೆ ಮಾತ್ರ ನಿಮ್ಮ ಸರ್ವೆ ನಂಬಿಕೆಗೆ ಅರ್ಹ.

ಹಿನ್ನೀರಿನಲ್ಲಿ ಅಭ್ಯಾಸ

ಕಡಲಿಗೆ ಹೋಗುವ ಮುನ್ನ ಇಡೀ ಕೆಲಸವನ್ನು ಒಮ್ಮೆ ನಮ್ಮ ನೀರಿನಲ್ಲಿ ಮಾಡಿ. ಕನ್ನಂಬಾಡಿ ಹಿನ್ನೀರಿಗೆ ನೀರಾವರಿ ನಿಗಮದ ಅನುಮತಿ ಬೇಕು, ಅಣೆಕಟ್ಟೆಯ ಹತ್ತಿರ ಹೋಗುವಂತಿಲ್ಲ. ಅದು ಸಿಗದಿದ್ದರೆ ದೋಣಿ ಓಡಾಡುವ ಬೇರೆ ಯಾವುದಾದರೂ ದೊಡ್ಡ ಕೆರೆಯಾದರೂ ಸಾಕು. ಹರಿಗೋಲು ಬೇಡ. ಅದು ಸುತ್ತುತ್ತಲೇ ಇರುತ್ತದೆ, ದಿಕ್ಕು ನಿಲ್ಲುವುದಿಲ್ಲ. ತಳ ಚಪ್ಪಟೆಯಾದ ಫೈಬರ್ ದೋಣಿ ಒಳ್ಳೆಯದು.

ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ನೀರು ನಿಂತ ಮೇಲೆ ಹಳೇ ಕನ್ನಂಬಾಡಿ ಊರು ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿ ಕಾಣುತ್ತಿತ್ತು. ಈಗ ಆ ಗುಡಿಯನ್ನು ಹೊಸ ಕನ್ನಂಬಾಡಿಯ ದಡಕ್ಕೆ ತಂದು ಕಟ್ಟಿದ್ದಾರೆ. ಹೀಗೆ ಗೋಡೆ, ಕಲ್ಲು, ಹೂಳು, ಹಳೇ ನದಿಪಾತ್ರ ಎಲ್ಲ ಒಂದೇ ಕಡೆ ಇರುವ ತಳ ವಿದ್ಯಾರ್ಥಿಗೆ ದೊಡ್ಡ ವರ. ಮನುಷ್ಯ ಕಟ್ಟಿದ ನೇರ ಗೆರೆಗೂ ಬಂಡೆಯ ಅಂಕುಡೊಂಕಿಗೂ ಸೋನಾರ್‌ನಲ್ಲಿ ಏನು ವ್ಯತ್ಯಾಸ ಎಂದು ಇಲ್ಲೇ ಕಣ್ಣಿಗೆ ಅಭ್ಯಾಸವಾಗುತ್ತದೆ. ಇನ್ನೊಂದು ಅನುಕೂಲ: ಮೈಸೂರೂ ಮಂಗಳೂರೂ ಯುಟಿಎಂ ಎಂಬ ನಕ್ಷಾ ಜಾಲದ ವಲಯ 43 ಉತ್ತರದಲ್ಲೇ ಬರುತ್ತವೆ. ಇಲ್ಲಿ ಹೊಂದಿಸಿದ ಡಬ್ಲ್ಯುಜಿಎಸ್ 84 (ಜಿಪಿಎಸ್ ಬಳಸುವ ಅಕ್ಷಾಂಶ ರೇಖಾಂಶದ ಆಧಾರ) ಪ್ರಾಜೆಕ್ಟ್ ಫೈಲ್ ಅಲ್ಲೂ ನಡೆಯುತ್ತದೆ.

ದೋಣಿಯನ್ನು ಸಿದ್ಧಮಾಡುವುದು

ದೋಣಿ ದಡದಲ್ಲಿರುವಾಗಲೇ ಟೇಪ್ ಹಿಡಿದು ಅಳೆಯಿರಿ. ಜಿಪಿಎಸ್ ಆಂಟೆನಾದಿಂದ ಟ್ರಾನ್ಸ್‌ಡ್ಯೂಸರ್‌ಗೆ (ಶಬ್ದ ಬಿಟ್ಟು ಹಿಡಿಯುವ ಭಾಗಕ್ಕೆ) ಮುಂದೆ ಎಷ್ಟು, ಬಲಕ್ಕೆ ಎಷ್ಟು, ಕೆಳಗೆ ಎಷ್ಟು? ದೋಣಿಯ ಅಲುಗಾಟ ಅಳೆಯುವ ಸೆನ್ಸರ್‌ಗೆ ಎಷ್ಟು? ಇಬ್ಬರು ಬೇರೆ ಬೇರೆಯಾಗಿ ಅಳೆದು ಹೋಲಿಸಿ. ಚಿತ್ರ ಬರೆದು, ಫೋಟೋ ತೆಗೆದು, ಪುಸ್ತಕದಲ್ಲಿ ದಾಖಲಿಸಿ. ಟ್ರಾನ್ಸ್‌ಡ್ಯೂಸರ್ ಕಂಬ ಸ್ವಲ್ಪವೂ ಅಲುಗಾಡಬಾರದು. ಆಂಟೆನಾ ಆದಷ್ಟು ಅದರ ನೇರ ಮೇಲೆಯೇ ಇದ್ದರೆ ಅರ್ಧ ತಲೆನೋವು ಕಡಿಮೆ.

ಟೋ ಫಿಶ್ ಎಲ್ಲಿದೆ ಎಂಬುದು ಬೇರೆ ಲೆಕ್ಕ. 50 ಮೀಟರ್ ಕೇಬಲ್ ಬಿಟ್ಟಿದ್ದೀರಿ, ಫಿಶ್ 10 ಮೀಟರ್ ಆಳದಲ್ಲಿದೆ ಎಂದರೆ ಅದು ದೋಣಿಯ ಹಿಂಭಾಗದಿಂದ ಸುಮಾರು 49 ಮೀಟರ್ ಹಿಂದೆ ಇದೆ. ಕೇಬಲ್ ಜೋಲು ಬೀಳುವುದರಿಂದ ಇನ್ನೂ ಸ್ವಲ್ಪ ಕಡಿಮೆ. ಕೇಬಲ್ ಉದ್ದ ಬದಲಿಸಿದಾಗಲೆಲ್ಲ ಸಮಯದ ಜೊತೆ ಬರೆದಿಡಿ. ಬರೆಯದಿದ್ದರೆ ಕಂಡ ಬಂಡೆಯನ್ನು ಮತ್ತೆ ಹುಡುಕಲು ಆಗುವುದಿಲ್ಲ.

ನೀರಿನ ಮಟ್ಟ ಮತ್ತು ಗಡಿಯಾರ

ಇಲ್ಲಿ ಮಂಡ್ಯದವರಿಗೆ ಒಂದು ಹೆಜ್ಜೆ ಮುಂದಿರುವ ಅನುಕೂಲ ಇದೆ. ಕಟ್ಟೆಯ 124.80 ಅಡಿ ಸಮುದ್ರ ಮಟ್ಟದಿಂದ ಅಳೆದದ್ದಲ್ಲ, ಕಟ್ಟೆಯದೇ ಒಂದು ಸೊನ್ನೆಯಿಂದ ಅಳೆದದ್ದು ಎಂದು ನಿಮಗೆ ಗೊತ್ತು. ಇವತ್ತಿನ ಮಟ್ಟ 110 ಅಡಿ, ಎಕೋ ಸೌಂಡರ್ ನೀರಿನ ಮೇಲ್ಮೈಯಿಂದ 12.40 ಮೀಟರ್ ಆಳ ತೋರಿಸಿತು ಎಂದುಕೊಳ್ಳಿ. 12.40 ಮೀಟರ್ ಎಂದರೆ 40.7 ಅಡಿ. ಅಲ್ಲಿಗೆ ತಳ ಕಟ್ಟೆಯ ಲೆಕ್ಕದಲ್ಲಿ 69.3 ಅಡಿಯಲ್ಲಿದೆ. ನಾಳೆ ಮಟ್ಟ ಇಳಿದರೂ ಈ 69.3 ಬದಲಾಗುವುದಿಲ್ಲ.

ಕಡಲಲ್ಲೂ ಇದೇ. ನೌಕಾ ನಕ್ಷೆಗೆ ‘ಚಾರ್ಟ್ ಡೇಟಂ’ ಎಂಬ ಸೊನ್ನೆ ಇದೆ. ಅದು ನೀರು ಹೆಚ್ಚುಕಡಿಮೆ ಅತಿ ಕೆಳಗೆ ಇಳಿಯುವ ಮಟ್ಟ. ಯಂತ್ರದ ಆಳಕ್ಕೆ ಟ್ರಾನ್ಸ್‌ಡ್ಯೂಸರ್ ಮುಳುಗಿರುವಷ್ಟು ಕೂಡಿಸಿ, ಆ ಕ್ಷಣದ ಉಬ್ಬರದ ಎತ್ತರವನ್ನು ಕಳೆದರೆ ನಕ್ಷೆಯ ಆಳ. ಕಟ್ಟೆಯ ಮಟ್ಟ ದಿನಕ್ಕೆ ಕೆಲವು ಇಂಚು ಬದಲಾದರೆ ಕಡಲ ಮಟ್ಟ ಆರು ಗಂಟೆಯಲ್ಲಿ ಒಂದು ಮೀಟರಿಗೂ ಜಾಸ್ತಿ ಬದಲಾಗಬಹುದು. ಆದ್ದರಿಂದ ಸರ್ವೆ ಜಾಗದ ಹತ್ತಿರವೇ ಉಬ್ಬರದ ಮಾಪಕ ಹಾಕಿ, ಹತ್ತು ನಿಮಿಷಕ್ಕೊಮ್ಮೆ ದಾಖಲಿಸಿ, ಅದನ್ನು ಬಂದರಿನ ಬೆಂಚ್‌ಮಾರ್ಕ್‌ಗೆ (ಎತ್ತರ ಗೊತ್ತಿರುವ ಗುರುತಿಗೆ) ಲೆವೆಲಿಂಗ್ ಮಾಡಿ ಜೋಡಿಸಿ. ಮುದ್ರಿತ ಪಟ್ಟಿಯ ಮುನ್ಸೂಚನೆ ಯೋಜನೆಗೆ ಸಾಕು, ಲೆಕ್ಕಕ್ಕೆ ಸಾಲದು.

ಗಡಿಯಾರದ ವಿಷಯದಲ್ಲಿ ತುಂಬಾ ಹುಷಾರು. ಜಿಪಿಎಸ್ ಯಂತ್ರ ಕೊಡುವ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇರುತ್ತದೆ. ಉಬ್ಬರ ಓದುವವರು ಕೈಗಡಿಯಾರ ನೋಡಿ ಬರೆಯುತ್ತಾರೆ. ವ್ಯತ್ಯಾಸ ಐದೂವರೆ ಗಂಟೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರೂ ಕಾಲು ಗಂಟೆ. ಅಂದರೆ ಈ ಎರಡು ಗಡಿಯಾರ ಕಲಸಿಹೋದರೆ ಉಬ್ಬರ ಇದ್ದ ಕಡೆ ಇಳಿತ, ಇಳಿತ ಇದ್ದ ಕಡೆ ಉಬ್ಬರ ಸೇರಿಕೊಳ್ಳುತ್ತದೆ. ತಪ್ಪು ಒಂದು ಮೀಟರ್ ದಾಟುತ್ತದೆ. ಎಲ್ಲ ಪುಸ್ತಕ, ಎಲ್ಲ ಫೈಲ್, ಎಲ್ಲ ಫೋನ್‌ಗಳಲ್ಲೂ ಒಂದೇ ಸಮಯ ಬರೆಯುವುದು ಎಂದು ಮೊದಲ ದಿನವೇ ತೀರ್ಮಾನಿಸಿ.

ಶಬ್ದದ ವೇಗ

25 ಡಿಗ್ರಿಯ ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1497 ಮೀಟರ್ ಹೋಗುತ್ತದೆ. 29 ಡಿಗ್ರಿಯ ಉಪ್ಪುನೀರಿನಲ್ಲಿ ಸುಮಾರು 1543. ಎಷ್ಟೋ ಯಂತ್ರಗಳು ಕಾರ್ಖಾನೆಯಿಂದ 1500ಕ್ಕೆ ಹೊಂದಿಸಿಯೇ ಬರುತ್ತವೆ. ಹಿನ್ನೀರಿನಲ್ಲಿ ಅದು ಹೆಚ್ಚುಕಡಿಮೆ ಸರಿ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅದನ್ನೇ ಹಾಗೇ ಕಡಲಿಗೆ ಕೊಂಡುಹೋದರೆ? ಯಂತ್ರ 20 ಮೀಟರ್ ಎಂದಾಗ ನಿಜವಾದ ಆಳ 20.57 ಮೀಟರ್. 57 ಸೆಂಟಿಮೀಟರ್ ತಪ್ಪು. ಆರ್ಡರ್ 1ಎ ಕೊಟ್ಟಿದ್ದ ಅವಕಾಶ 56 ಸೆಂಟಿಮೀಟರ್ ಮಾತ್ರ. ಉಳಿದ ಎಲ್ಲವನ್ನೂ ಸರಿಯಾಗಿ ಮಾಡಿದರೂ ಇದೊಂದೇ ಸರ್ವೆಯನ್ನು ಕೆಡಿಸಿತು.

ಹಾಗಾಗಿ ಶಬ್ದವೇಗದ ಪ್ರೋಬ್ ಅನ್ನು ಮೇಲಿನಿಂದ ತಳದವರೆಗೆ ಇಳಿಸಿ ಅಳೆಯಿರಿ. ಬೆಳಿಗ್ಗೆ ಒಮ್ಮೆ, ನಡುವೆ ಒಮ್ಮೆ, ಕೊನೆಗೆ ಒಮ್ಮೆ. ನೇತ್ರಾವತಿ, ಕಾಳಿ, ಶರಾವತಿಯಂಥ ನದಿಗಳ ಬಾಯಿಯ ಹತ್ತಿರ ಇನ್ನೂ ಹೆಚ್ಚು ಬಾರಿ. ಅಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ ಪದರವಾಗಿ ನಿಲ್ಲುತ್ತದೆ, ಶಬ್ದ ಆ ಗಡಿಯಲ್ಲಿ ಬಾಗುತ್ತದೆ. ಚಪ್ಪಟೆ ತಳ ಮಲ್ಟಿಬೀಮ್‌ನಲ್ಲಿ ಎರಡೂ ಅಂಚಿನಲ್ಲಿ ಮೇಲಕ್ಕೋ ಕೆಳಕ್ಕೋ ಬಾಗಿದಂತೆ ಕಂಡರೆ ಕೂಡಲೇ ಪ್ರೋಬ್ ಇಳಿಸಿ.

ಪ್ರೋಬ್ ಇಲ್ಲದಿದ್ದರೂ ಬಾರ್ ಚೆಕ್ ಮಾಡಬಹುದು. ಗುರುತು ಹಾಕಿದ ಸರಪಳಿಗೆ ಲೋಹದ ತಟ್ಟೆ ಕಟ್ಟಿ, ಟ್ರಾನ್ಸ್‌ಡ್ಯೂಸರ್ ನೇರ ಕೆಳಗೆ, ನೀರಿನ ಮೇಲ್ಮೈಯಿಂದ ಅಳೆದು 2, 5, 10 ಮೀಟರ್‌ಗೆ ಇಳಿಸಿ. ಟ್ರಾನ್ಸ್‌ಡ್ಯೂಸರ್ ಮುಳುಗಿರುವಷ್ಟು ಕೂಡಿಸಿದ ಮೇಲೆ ಯಂತ್ರ ಅದೇ ಅಂಕಿ ತೋರಿಸಬೇಕು. ಸರಳ ಉಪಾಯ, ಆದರೆ ಮುಳುಗು ಆಳವನ್ನೂ ಶಬ್ದವೇಗವನ್ನೂ ಒಟ್ಟಿಗೆ ಪರೀಕ್ಷಿಸುತ್ತದೆ. ಪ್ರೋಬ್ ಇದ್ದರೂ ಇದನ್ನು ಬಿಡಬೇಡಿ.

ಪ್ಯಾಚ್ ಟೆಸ್ಟ್

ಯಂತ್ರ ಕಟ್ಟಿದ್ದರ ಓರೆಯನ್ನೂ ಸಮಯದ ತಡವನ್ನೂ ಕಂಡುಹಿಡಿಯುವ ಹೊಂದಾಣಿಕೆ ಪರೀಕ್ಷೆ ಇದು. ಮಲ್ಟಿಬೀಮ್ ಇದ್ದರೆ ಕಡ್ಡಾಯ. ಯಂತ್ರವನ್ನು ಎಷ್ಟೇ ನೇರವಾಗಿ ಕಟ್ಟಿದರೂ ಒಂದೆರಡು ಡಿಗ್ರಿ ಓರೆ ಇದ್ದೇ ಇರುತ್ತದೆ. ಉರುಳುವ ಓರೆ, ಅಂದರೆ ಪಕ್ಕಕ್ಕೆ ವಾಲುವ ಓರೆ, 1 ಡಿಗ್ರಿ ತಪ್ಪಿದರೆ 20 ಮೀಟರ್ ಆಳದಲ್ಲಿ ಹೊರಗಿನ ಕಿರಣದ ಆಳ ಸುಮಾರು 60 ಸೆಂಟಿಮೀಟರ್ ತಪ್ಪುತ್ತದೆ.

ಸಮಯದ ತಡ ತಿಳಿಯಲು ಒಂದು ಇಳಿಜಾರಿನ ಮೇಲೆ ಒಂದೇ ಸಾಲನ್ನು ಒಂದೇ ದಿಕ್ಕಿನಲ್ಲಿ ಒಮ್ಮೆ ನಿಧಾನ, ಒಮ್ಮೆ ಜೋರಾಗಿ ಓಡಿಸಿ. ಮುಂದೆ ಹಿಂದೆ ಬಾಗುವ ಓರೆಗೆ ಅದೇ ಇಳಿಜಾರಿನ ಮೇಲೆ ಒಂದೇ ವೇಗದಲ್ಲಿ ಎದುರು ದಿಕ್ಕುಗಳಲ್ಲಿ. ಉರುಳುವ ಓರೆಗೆ ಚಪ್ಪಟೆ ತಳದ ಮೇಲೆ ಎದುರು ದಿಕ್ಕುಗಳಲ್ಲಿ. ದಿಕ್ಕಿನ ಓರೆಗೆ ಒಂದು ಬಂಡೆಯ ಎರಡೂ ಪಕ್ಕ ಸಮಾನಾಂತರ ಸಾಲುಗಳು, ಒಂದೇ ದಿಕ್ಕಿನಲ್ಲಿ. ಇದೇ ಕ್ರಮದಲ್ಲಿ ಬಿಡಿಸಿ. ಕಂಬವನ್ನು ಬಿಚ್ಚಿ ಮತ್ತೆ ಕಟ್ಟಿದರೆ ಪರೀಕ್ಷೆಯನ್ನೂ ಮತ್ತೆ ಮಾಡಬೇಕು.

ಸರ್ವೆಯ ದಿನ

ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತಬಾರದು. ವಿಎಚ್‌ಎಫ್ ರೇಡಿಯೋ ತುರ್ತು ಕರೆಯ 16ನೇ ಚಾನೆಲ್‌ನಲ್ಲಿರಲಿ. ಕೋಸ್ಟ್ ಗಾರ್ಡ್ ತುರ್ತು ಸಂಖ್ಯೆ 1554 ಎಲ್ಲರ ಫೋನಿನಲ್ಲೂ ಇರಲಿ. ದಡದಲ್ಲಿ ಒಬ್ಬರು ಕೂತು ಗಂಟೆಗೊಮ್ಮೆ ಮಾತಾಡಬೇಕು. ಕೆರೆಯಲ್ಲಿ ಈಜು ಕಲಿತವರಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ.

ದೋಣಿಯ ಸ್ವಂತ ಮೀನು ಹುಡುಕುವ ಸೌಂಡರ್ ಆಫ್ ಮಾಡಿಸಿ. ಜನರೇಟರ್ ಅನ್ನು ಉಪಕರಣದಿಂದ ದೂರ ಇಡಿ. ಸಾಲಿನ ಮೊದಲೇ ದೋಣಿ ನೇರವಾಗಿ, ವೇಗ ಸ್ಥಿರವಾಗಿ ಇರಬೇಕು. ಟೋ ಫಿಶ್ ತಳದಿಂದ ಎಷ್ಟು ಎತ್ತರದಲ್ಲಿರಬೇಕು? ನೋಡುವ ದೂರದ 10ರಿಂದ 20 ಶೇಕಡ. 100 ಮೀಟರ್ ದೂರ ನೋಡುತ್ತಿದ್ದರೆ 10ರಿಂದ 20 ಮೀಟರ್ ಎತ್ತರ. ಕಡಿಮೆ ಆಳದಲ್ಲಿ ಅಷ್ಟು ನೀರೇ ಇರುವುದಿಲ್ಲ, ಆಗ ನೋಡುವ ದೂರವನ್ನೇ ಕಡಿಮೆ ಮಾಡಿ.

ವೇಗ ಏಕೆ 4 ನಾಟ್? 100 ಮೀಟರ್ ದೂರ ಹೋಗಿ ಬರಲು ಶಬ್ದಕ್ಕೆ 0.13 ಸೆಕೆಂಡ್. ಅಷ್ಟರಲ್ಲಿ ದೋಣಿ ಸುಮಾರು 27 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಒಂದು ಮೀಟರ್ ವಸ್ತುವಿಗೆ ಮೂರು ನಾಲ್ಕು ಬಾರಿ ಶಬ್ದ ಬೀಳುತ್ತದೆ. 8 ನಾಟ್‌ಗೆ ಏರಿಸಿದರೆ ಎರಡೇ ಬಾರಿ, ಅದು ಚಿತ್ರದಲ್ಲಿ ಚುಕ್ಕೆಯಾಗಿ ಕಳೆದುಹೋಗುತ್ತದೆ. ಬೇಗ ಮುಗಿಸೋಣ ಎಂದು ದೋಣಿಯವರು ಹೇಳಿದರೆ ಈ ಲೆಕ್ಕ ತೋರಿಸಿ.

ಒಬ್ಬರು ಪುಸ್ತಕ ಬರೆಯುವ ಕೆಲಸವನ್ನು ಮಾತ್ರ ಮಾಡಲಿ. ಸಾಲಿನ ಸಂಖ್ಯೆ, ಶುರು ಸಮಯ, ಮುಗಿದ ಸಮಯ, ದಿಕ್ಕು, ವೇಗ, ಕೇಬಲ್ ಉದ್ದ, ಅಲೆ, ಪಕ್ಕದಲ್ಲಿ ಹೋದ ದೋಣಿ, ಕಂಡ ಡಾಲ್ಫಿನ್. ಡಾಲ್ಫಿನ್ ಹತ್ತಿರ ಬಂದರೆ ಬೂಮರ್, ಸ್ಪಾರ್ಕರ್ ನಿಲ್ಲಿಸಿ ಕಾಯಿರಿ. ಮತ್ತೆ ಶುರು ಮಾಡುವಾಗ ಶಕ್ತಿಯನ್ನು ನಿಧಾನವಾಗಿ ಏರಿಸಿ. ವನ್ಯಜೀವಿ ಕಾಯ್ದೆ ಅವಕ್ಕೆ ರಕ್ಷಣೆ ಕೊಟ್ಟಿದೆ, ನಾವೂ ಕೊಡಬೇಕು.

ಕೈಗೆ ಮಣ್ಣು

ಶಬ್ದ ಹೇಳಿದ್ದನ್ನು ಕೈಯಿಂದ ಮುಟ್ಟಿ ನೋಡಲೇಬೇಕು. ಸೋನಾರ್ ಚಿತ್ರದಲ್ಲಿ ಕಪ್ಪು, ಬೂದು, ಬಿಳಿ ಬೇರೆಬೇರೆಯಾಗಿ ಕಂಡ ಪ್ರತಿ ಬಗೆಯ ಜಾಗದಲ್ಲೂ ಗ್ರ್ಯಾಬ್ (ತಳದ ಮಣ್ಣು ಬಾಚುವ ಲೋಹದ ದವಡೆ) ಇಳಿಸಿ ಮಣ್ಣು ತೆಗೆಯಿರಿ. ಪದರ ನೋಡಬೇಕಾದರೆ ಕೊಳವೆ ಚುಚ್ಚಿ ಕೋರ್ (ಪದರ ಕದಡದ ಮಣ್ಣಿನ ಕಂಬ) ತೆಗೆಯಿರಿ. ಬಣ್ಣ, ವಾಸನೆ, ಚಿಪ್ಪು ಇದೆಯೇ ಎಂಬುದನ್ನು ದೋಣಿಯಲ್ಲೇ ಬರೆಯಿರಿ, ಯಾಕೆಂದರೆ ಗಾಳಿ ತಾಗಿದರೆ ಬಣ್ಣ ಬದಲಾಗುತ್ತದೆ. ಚೀಟಿ ಚೀಲದ ಒಳಗೂ ಹೊರಗೂ ಇರಲಿ. ಮೈಸೂರಿಗೆ ತಂದ ಮೇಲೆ ಮೊದಲು ಉಪ್ಪು ತೊಳೆಯಿರಿ. ತೊಳೆಯದೆ ಜರಡಿ ಹಿಡಿದರೆ ಉಪ್ಪಿನಿಂದ ಅಂಟಿಕೊಂಡ ಜೇಡಿ ಮರಳಿನಂತೆ ಲೆಕ್ಕಕ್ಕೆ ಬರುತ್ತದೆ.

ದಾಖಲೆಯನ್ನು ಓದುವುದು

ಆಳದ ಮಾಹಿತಿಯನ್ನು ಮೊದಲು ಶುಚಿ ಮಾಡಿ. ಬಂಗುಡೆ, ಬೂತಾಯಿ ಮೀನಿನ ಹಿಂಡು, ಗುಳ್ಳೆ, ಬೇರೆ ದೋಣಿಯ ನೀರಿನ ಕಲಕು, ಎಲ್ಲ ತಳದಂತೆಯೇ ಕಾಣಬಹುದು. ಆದರೆ ಎದ್ದು ಕಂಡ ಪ್ರತಿ ಚುಕ್ಕೆಯನ್ನೂ ಅಳಿಸಬೇಡಿ, ಅದು ಬಂಡೆಯ ತುದಿಯಿರಬಹುದು. ಪಕ್ಕದ ಸಾಲಿನಲ್ಲೂ ಕಂಡರೆ ಉಳಿಸಿ. ಆಮೇಲೆ ಶಬ್ದವೇಗ, ಉಬ್ಬರ, ಓರೆಗಳ ತಿದ್ದುಪಡಿ. ಕೊನೆಗೆ ಅಡ್ಡ ಸಾಲುಗಳ ಹೋಲಿಕೆ. ಇದಕ್ಕೆ ಎಂಬಿ-ಸಿಸ್ಟಮ್, ನಕ್ಷೆಗೆ ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್‌ಗಳಿವೆ. ಎರಡೂ ಉಚಿತ, ಕಲಿಯಲು ಸಾಕು.

ಸೈಡ್ ಸ್ಕ್ಯಾನ್‌ನಲ್ಲಿ ವಸ್ತುವಿಗಿಂತ ನೆರಳು ಹೆಚ್ಚು ಹೇಳುತ್ತದೆ. ಎತ್ತರದ ಲೆಕ್ಕ ಸುಲಭ. ನೆರಳಿನ ಉದ್ದವನ್ನು ಫಿಶ್‌ನ ಎತ್ತರದಿಂದ ಗುಣಿಸಿ, ಫಿಶ್‌ನಿಂದ ನೆರಳಿನ ತುದಿಗೆ ಇರುವ ದೂರದಿಂದ ಭಾಗಿಸಿ. ಫಿಶ್ 10 ಮೀಟರ್ ಎತ್ತರ, ನೆರಳು 6 ಮೀಟರ್, ನೆರಳಿನ ತುದಿ 60 ಮೀಟರ್ ದೂರ ಎಂದರೆ ವಸ್ತುವಿನ ಎತ್ತರ 1 ಮೀಟರ್. ಕೆಸರು ತಳದಲ್ಲಿ ಉದ್ದುದ್ದ ಜೋಡಿ ಗೀರುಗಳು ಕಂಡರೆ ಅವು ಟ್ರಾಲ್ ಬಲೆ ಎಳೆದ ಗುರುತು. ಪೈಪ್ ಎಂದು ಗಾಬರಿ ಬೇಡ.

ಸಬ್‌ಬಾಟಮ್ ದಾಖಲೆಯಲ್ಲಿ ಎರಡು ವಿಷಯ ಹೊಸಬರನ್ನು ದಾರಿ ತಪ್ಪಿಸುತ್ತವೆ. ಮೊದಲನೆಯದು ಮರುಧ್ವನಿ. ತಳ 8 ಮೀಟರ್‌ನಲ್ಲಿದ್ದರೆ, ಶಬ್ದ ಮೇಲ್ಮೈಗೆ ಬಡಿದು ಮತ್ತೆ ತಳಕ್ಕೆ ಹೋಗಿ ಬಂದು 16 ಮೀಟರ್‌ನಲ್ಲಿ ಇನ್ನೊಂದು ‘ಪದರ’ ತೋರಿಸುತ್ತದೆ. ತಳ ಏರಿದಾಗ ಅದು ಎರಡು ಪಟ್ಟು ಏರಿದರೆ ಅದು ಪದರ ಅಲ್ಲ. ಎರಡನೆಯದು ಅನಿಲ. ಪಶ್ಚಿಮ ಕರಾವಳಿಯ ದಡದ ಹತ್ತಿರದ ಕೆಸರಿನಲ್ಲಿ ಕೊಳೆತ ಸಾವಯವ ವಸ್ತುವಿನಿಂದ ಹುಟ್ಟಿದ ಮೀಥೇನ್ ಸಿಕ್ಕಿಕೊಂಡಿರುವುದು ಹಲವು ಕಡೆ ದಾಖಲಾಗಿದೆ. ಗುಳ್ಳೆಗಳು ಶಬ್ದವನ್ನು ನುಂಗುತ್ತವೆ. ಅದರ ಕೆಳಗಿನದೆಲ್ಲ ಮಬ್ಬು. ಅಲ್ಲಿ ಪದರವೇ ಇಲ್ಲ ಎಂದು ಬರೆಯಬೇಡಿ. ‘ಅನಿಲದಿಂದಾಗಿ ಕಾಣುತ್ತಿಲ್ಲ’ ಎಂದು ಗಡಿ ಹಾಕಿ ತೋರಿಸಿ. ಅಡಿಪಾಯ ಹಾಕುವ ಎಂಜಿನಿಯರ್‌ಗೆ ಆ ಅನಿಲದ ಗಡಿಯೇ ದೊಡ್ಡ ಮಾಹಿತಿ.

ಚೆನ್ನಾಗಿ ಕಂಡ ಕಡೆ ಸಿಗುವ ಖುಷಿಯೇ ಬೇರೆ. ಸುಮಾರು 20,000 ವರ್ಷಗಳ ಹಿಂದೆ ಕಡಲ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಇವತ್ತಿನ ಕರಾವಳಿ ಕಡಲು ಆಗ ನೆಲವಾಗಿತ್ತು, ನದಿಗಳು ಅದರ ಮೇಲೆ ಹರಿದಿದ್ದವು. ಕೆಸರಿನ ಕೆಳಗೆ ಬಟ್ಟಲಿನಂತೆ ಕೊರೆದ ಆಕಾರ ಕಂಡರೆ ಅದು ಆ ಕಾಲದ ಹೊಳೆಯ ಪಾತ್ರ ಇರಬಹುದು. ಪಕ್ಕದ ಸಾಲುಗಳಲ್ಲೂ ಅದನ್ನು ಹಿಡಿದು, ನಕ್ಷೆಯ ಮೇಲೆ ಒಂದಕ್ಕೊಂದು ಜೋಡಿಸಿ ನೋಡಿ. ಸಮಯವನ್ನು ಆಳವಾಗಿಸುವಾಗ ಕೆಸರಿಗೆ 1500, ಮರಳಿಗೆ ಸುಮಾರು 1700 ಮೀಟರ್ ವೇಗ ಹಿಡಿಯಬಹುದು. ಹತ್ತಿರದ ಕೊಳವೆ ರಂಧ್ರದ ದಾಖಲೆ ಸಿಕ್ಕರೆ ಅದರ ಜೊತೆ ತಾಳೆ ನೋಡಿ.

ವರದಿ

ವರದಿಯಲ್ಲಿ ನಕ್ಷೆಗಿಂತ ಮೊದಲು ಇವು ಬರಲಿ: ಯಾವ ಡೇಟಂ, ಯಾವ ಬೆಂಚ್‌ಮಾರ್ಕ್, ಯಾವ ಸಮಯ, ಎಷ್ಟು ಶಬ್ದವೇಗ, ಬಾರ್ ಚೆಕ್ ಫಲ, ಪ್ಯಾಚ್ ಟೆಸ್ಟ್ ಅಂಕಿಗಳು, ಅಡ್ಡ ಸಾಲುಗಳಲ್ಲಿ ಕಂಡ ವ್ಯತ್ಯಾಸ. ಎಲ್ಲಿ ಅಳೆಯಲಾಗಲಿಲ್ಲವೋ ಅಲ್ಲಿ ಖಾಲಿ ಬಿಡಿ. ಸಾಫ್ಟ್‌ವೇರ್ ಸುಮ್ನೆ ಬಣ್ಣ ತುಂಬಿದ ಜಾಗವನ್ನು ಅಳೆದದ್ದು ಎಂದು ತೋರಿಸಬಾರದು. ತಿದ್ದುಪಡಿ ಮಾಡದ ಮೂಲ ಫೈಲ್‌ಗಳನ್ನು ಎರಡು ಬೇರೆ ಕಡೆ ಉಳಿಸಿ. ಅನುಮತಿ ಕೊಟ್ಟ ಕಚೇರಿಗಳಿಗೆ ಪ್ರತಿ ಕೊಡಿ, ಅವರ ಒಪ್ಪಿಗೆ ಇಲ್ಲದೆ ಆಳದ ನಕ್ಷೆಯನ್ನು ಎಲ್ಲೂ ಹಾಕಬೇಡಿ. ಹಾಗೆಯೇ, ಬಲೆ ಹರಿಯುವ ಬಂಡೆ ಅಥವಾ ಮುಳುಗಿದ ದೋಣಿ ಸಿಕ್ಕಿದ್ದರೆ, ಆ ಜಾಗವನ್ನು ಮೀನುಗಾರರಿಗೆ ತಿಳಿಸಲು ಅದೇ ಪತ್ರದಲ್ಲಿ ಒಪ್ಪಿಗೆ ಕೇಳಿ, ಸಿಕ್ಕ ಕೂಡಲೇ ಸಂಘಕ್ಕೆ ಹೋಗಿ ತೋರಿಸಿ ಬನ್ನಿ.